ದುಡ್ಡು ಹೋಗಿದ್ದಾಗಿದೆ, ಜಾಗ ಯಾರಿಗೆ?

(ಅಮೆರಿಕದ ಒಂದು ಕನ್ನಡ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2019ರ ಏಪ್ರಿಲ್ 13. ಬಾಸ್ಟನ್‌ನ ಫೆನ್‌ವೇ ಪಾರ್ಕ್. ಬಾಲ್ಟಿಮೋರ್ ಓರಿಯೋಲ್ಸ್ ಅನ್ನುವ ಬೇಸ್‌ಬಾಲ್ ತಂಡದ ಕ್ರಿಸ್ ಡೇವಿಸ್ ಬ್ಯಾಟ್ ಹಿಡಿದು ನಿಂತಿದ್ದಾರೆ. ಎದುರಿಗೆ ಚೆಂಡು ಎಸೆಯುವವರು, ಅಂದರೆ ಪಿಚರ್, ರಿಕ್ ಪೋರ್ಸೆಲೊ. ಡೇವಿಸ್ ಹೊಡೆದರು, ಚೆಂಡು ನೆಲಕ್ಕೆ ಬಿತ್ತು, ಇಬ್ಬರು ಓಡಿ ಬಂದು ರನ್ ಗಳಿಸಿದರು. ಸಾಧಾರಣ ಹಿಟ್, ಅಂದರೆ ಔಟಾಗದೆ ಬೇಸ್ ತಲುಪಿಸುವ ಹೊಡೆತ. ಆದರೆ ಓರಿಯೋಲ್ಸ್ ಆಟಗಾರರೆಲ್ಲ ವಿಶ್ವಕಪ್ ಗೆದ್ದಂತೆ ಕುಣಿದರು. ಯಾಕೆಂದರೆ ಹಿಂದಿನ ಸೆಪ್ಟೆಂಬರ್‌ನಿಂದ ಅಲ್ಲಿಯವರೆಗೆ ಡೇವಿಸ್‌ಗೆ ಸತತ 54 ಪ್ರಯತ್ನಗಳಲ್ಲಿ ಒಂದೇ ಒಂದು ಹಿಟ್ ಸಿಕ್ಕಿರಲಿಲ್ಲ. ಪಿಚರ್‌ಗಳನ್ನು ಬಿಟ್ಟರೆ, ಇಲ್ಲಿನ ಎಲ್ಲಕ್ಕಿಂತ ಮೇಲಿನ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಇತಿಹಾಸದಲ್ಲಿ ಇಷ್ಟು ಉದ್ದದ ಬರ ಯಾರನ್ನೂ ಕಾಡಿರಲಿಲ್ಲ.

ಆ ವರ್ಷದ ಲೆಕ್ಕಕ್ಕೆ ಅವರ ಸಂಬಳ 2 ಕೋಟಿ 30 ಲಕ್ಷ ಡಾಲರ್.

ಇಂಥ ಆಟಗಾರನನ್ನು ತಂಡ ಇಟ್ಟುಕೊಳ್ಳಬೇಕಾ, ಬಿಟ್ಟುಬಿಡಬೇಕಾ? ಇವತ್ತಿನ ಮಾತು ಇಷ್ಟೇ. ಬೇಸ್‌ಬಾಲ್ ನೋಡದವರೂ ಇಲ್ಲಿ ಇದ್ದೀರಿ, ಮಕ್ಕಳನ್ನು ಲಿಟಲ್ ಲೀಗ್‌ಗೆ ಬಿಡಲು ಹೋಗಿ ಈ ಆಟಕ್ಕೆ ಬಿದ್ದವರೂ ಇದ್ದೀರಿ. ಇಬ್ಬರಿಗೂ ಅರ್ಥವಾಗುವ ಹಾಗೆ ಹೇಳಲು ನೋಡುತ್ತೇನೆ.

ಡೇವಿಸ್ ಸಾಮಾನ್ಯ ಆಟಗಾರರೇನೂ ಆಗಿರಲಿಲ್ಲ. 2013ರಲ್ಲಿ 53 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ ಚೆಂಡನ್ನು ಬೇಲಿ ದಾಟಿಸುವುದು), 2015ರಲ್ಲಿ 47. ಆ ಎರಡೂ ವರ್ಷ ಮೇಜರ್ ಲೀಗ್‌ನಲ್ಲಿ ಅವರಿಗಿಂತ ಜಾಸ್ತಿ ಹೊಡೆದವರಿಲ್ಲ. ಹಾಗಾಗಿ 2016ರ ಜನವರಿಯಲ್ಲಿ ತಂಡ ಏಳು ವರ್ಷಕ್ಕೆ 16 ಕೋಟಿ 10 ಲಕ್ಷ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ಓರಿಯೋಲ್ಸ್ ಅಷ್ಟು ದೊಡ್ಡ ಒಪ್ಪಂದವನ್ನು ಅದಕ್ಕೂ ಮೊದಲು ಮಾಡಿರಲಿಲ್ಲ. ಮೊದಲ ವರ್ಷ 38 ಹೋಮ್ ರನ್ ಬಂತು, ಪರವಾಗಿಲ್ಲ ಅನ್ನಿಸಿತು. 2017ರಲ್ಲಿ ಸರಾಸರಿ .215ಕ್ಕೆ ಇಳಿಯಿತು. 2018ರಲ್ಲಿ .168. ಅಂದರೆ ಆರು ಸಲ ಪ್ರಯತ್ನಿಸಿದರೆ ಒಂದು ಹಿಟ್. ಸಾಧಾರಣ ಆಟಗಾರನಿಗೂ ನಾಲ್ಕಕ್ಕೆ ಒಂದು ಸಿಗುತ್ತದೆ. ವರ್ಷಪೂರ್ತಿ ಆಡಿ ಸರಾಸರಿ ಪಟ್ಟಿಗೆ ಅರ್ಹರಾದವರಲ್ಲಿ ಅಷ್ಟು ಕೆಳಗೆ ಹೋದವರು ಯಾರೂ ಇರಲಿಲ್ಲ. ಆ ವರ್ಷ ತಂಡ 115 ಪಂದ್ಯ ಸೋತಿತು.

ಯಾಕೆ ಹೀಗಾಯಿತು? ಒಂದು ಕಾರಣ ಎಲ್ಲರಿಗೂ ಕಾಣುತ್ತಿತ್ತು. ಡೇವಿಸ್ ಎಡಗೈ ಬ್ಯಾಟರ್, ಚೆಂಡನ್ನು ಹೆಚ್ಚಾಗಿ ಬಲಗಡೆಗೇ ಎಳೆದು ಹೊಡೆಯುವವರು. ಎದುರಾಳಿಗಳು ಬೇಸ್‌ಗಳ ಹತ್ತಿರ ನಿಲ್ಲುವ ಇನ್‌ಫೀಲ್ಡ್‌ನವರನ್ನೆಲ್ಲ ಬಲಕ್ಕೆ ಸರಿಸಿ ಗೋಡೆ ಕಟ್ಟುತ್ತಿದ್ದರು. ಇದಕ್ಕೆ ಶಿಫ್ಟ್ ಅಂತಾರೆ. ಇನ್ನು, ಚೆಂಡಿಗೆ ಬ್ಯಾಟೇ ತಗುಲದೆ ಔಟಾಗುವ ಸ್ಟ್ರೈಕೌಟ್‌ಗಳು: 2016ರಲ್ಲೇ 219, 2018ರಲ್ಲಿ 192. ಲೀಗ್ ಆ ಶಿಫ್ಟ್‌ಗೆ ಕಡಿವಾಣ ಹಾಕಿದ್ದು 2023ರಲ್ಲಿ. ಅಷ್ಟರಲ್ಲಿ ಡೇವಿಸ್ ಆಟ ಬಿಟ್ಟು ಎರಡು ವರ್ಷವಾಗುತ್ತಾ ಬಂದಿತ್ತು.

ಈಗ ದುಡ್ಡಿನ ವಿಷಯ. ಇಲ್ಲಿ ನಮ್ಮವರಿಗೆ ಒಂದು ಗೊಂದಲ ಆಗುತ್ತದೆ, ಯಾಕೆಂದರೆ ನಾವು ಐಪಿಎಲ್ ನೋಡಿ ಬೆಳೆದವರು. 2014ರ ಹರಾಜಿನಲ್ಲಿ ನಮ್ಮ ಆರ್‌ಸಿಬಿ ಯುವರಾಜ್ ಸಿಂಗ್ ಅವರನ್ನು 14 ಕೋಟಿ ರೂಪಾಯಿಗೆ ಕೊಂಡಿತು. ಮುಂದಿನ ಸೀಸನ್‌ಗೆ ಬಿಟ್ಟುಬಿಟ್ಟಿತು. ಬಿಟ್ಟ ಕೂಡಲೇ ಆ 14 ಕೋಟಿ ಹರಾಜಿನ ಲೆಕ್ಕಕ್ಕೆ ವಾಪಸ್ ಬಂತು, ಬೇರೆಯವರನ್ನು ಕೊಳ್ಳಬಹುದಾಯಿತು. ಐಪಿಎಲ್‌ನಲ್ಲಿ ಆಟಗಾರನನ್ನು ಕೈಬಿಟ್ಟರೆ ದುಡ್ಡು ಉಳಿಯುತ್ತದೆ.

ಬೇಸ್‌ಬಾಲ್‌ನಲ್ಲಿ ನಯಾಪೈಸೆ ಉಳಿಯುವುದಿಲ್ಲ. ಇಲ್ಲಿ ದೊಡ್ಡ ಒಪ್ಪಂದಗಳೆಲ್ಲ ಗ್ಯಾರಂಟಿ. ಆಟಗಾರ ಚೆನ್ನಾಗಿ ಆಡಲಿ, ಬಿಡಲಿ, ಬೆಂಚ್ ಮೇಲೆ ಕೂರಲಿ, ಮನೆಗೆ ಹೋಗಲಿ, ಸಹಿ ಮಾಡಿದ ಮೊತ್ತ ಕೊಡಲೇಬೇಕು. ಬಿಡುವುದಕ್ಕೂ ಒಂದು ಕ್ರಮ ಇದೆ. ಮೊದಲು ತಂಡ ಆಟಗಾರನನ್ನು ತನ್ನ 40 ಜನರ ಮುಖ್ಯ ಪಟ್ಟಿಯಿಂದ ತೆಗೆಯುತ್ತದೆ. ಆಮೇಲೆ ಏಳು ದಿನದೊಳಗೆ ಬೇರೆ ತಂಡಕ್ಕೆ ಕೊಡಬೇಕು, ಕೆಳಗಿನ ಮೈನರ್ ಲೀಗ್‌ಗೆ ಕಳಿಸಬೇಕು, ಇಲ್ಲಾ ಬಿಡುಗಡೆ ಮಾಡಬೇಕು. ಬೇರೆ ತಂಡ ನೇರವಾಗಿ ಎತ್ತಿಕೊಂಡರೆ ಉಳಿದ ಒಪ್ಪಂದವನ್ನೂ ಹೊರಬೇಕು, ಹಾಗಾಗಿ ಯಾರೂ ಮುಟ್ಟುವುದಿಲ್ಲ. ಐದು ವರ್ಷ ಸರ್ವಿಸ್ ಆಗಿರುವವರು ಮೈನರ್ ಲೀಗ್‌ಗೆ ಹೋಗಲ್ಲ ಅಂದರೂ ಸಂಬಳ ನಿಲ್ಲುವುದಿಲ್ಲ. ಬಿಡುಗಡೆಯಾದ ಮೇಲೆ ಮಾತ್ರ ಮಜಾ. ಆಗ ಯಾವ ತಂಡ ಬೇಕಾದರೂ ಲೀಗ್‌ನ ಕನಿಷ್ಠ ಸಂಬಳಕ್ಕೆ ಅವರನ್ನು ಸೇರಿಸಿಕೊಳ್ಳಬಹುದು. ಬಾಕಿ ಎಲ್ಲ ಹಳೇ ತಂಡದ ತಲೆಗೆ.

ಹಾಗಾದರೆ "ಇಷ್ಟು ದುಡ್ಡು ಕೊಟ್ಟಿದ್ದೀವಿ, ಬಿಡೋದು ಹೇಗೆ" ಅನ್ನುವ ಮಾತಿಗೆ ಅರ್ಥ ಏನು? ಏನೂ ಇಲ್ಲ. ಇಟ್ಟುಕೊಂಡರೂ ಅಷ್ಟೇ ದುಡ್ಡು, ಬಿಟ್ಟರೂ ಅಷ್ಟೇ ದುಡ್ಡು. ಆದರೂ ಆ ಮಾತು ಬಾಯಿಗೆ ಬಂದೇ ಬರುತ್ತದೆ. ಕೋಲಾರದ ಕಡೆಯವರು ಯಾರಾದರೂ ಇಲ್ಲಿದ್ದರೆ ಅವರಿಗೆ ಗೊತ್ತು. ಬೋರ್‌ವೆಲ್ ಸಾವಿರ ಅಡಿ ಕೊರೆಸಿ ಆಗಿದೆ, ಬರೀ ಧೂಳು ಬರುತ್ತಿದೆ. "ಇಷ್ಟು ದುಡ್ಡು ಸುರಿದಾಯ್ತು, ಇನ್ನೊಂದು ನೂರಡಿ ನೋಡೇಬಿಡೋಣ" ಅಂತಾರೆ. ಕೊರೆದ ಸಾವಿರ ಅಡಿಗೂ ಮುಂದಿನ ನೂರಡಿಯಲ್ಲಿ ನೀರು ಸಿಗುವುದಕ್ಕೂ ಸಂಬಂಧ ಇಲ್ಲ.

ಇದು ರೈತರದ್ದಷ್ಟೇ ಸಮಸ್ಯೆ ಅಂದುಕೊಳ್ಳಬೇಡಿ. ಬ್ಯಾರಿ ಸ್ಟಾ ಮತ್ತು ಹಾ ಹೋಂಗ್ ಅನ್ನುವ ಇಬ್ಬರು 1995ರಲ್ಲಿ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲು ಆಯ್ಕೆಯಾದ ಆಟಗಾರರಿಗೆ, ಅವರ ಆಟಕ್ಕೆ ತಕ್ಕದ್ದಕ್ಕಿಂತ ಹೆಚ್ಚು ಹೊತ್ತು ಆಡಲು ಸಿಗುತ್ತಿತ್ತು. ತಂಡ ಅವರ ಮೇಲೆ ಹೂಡಿದ್ದು ಜಾಸ್ತಿ, ಅದಕ್ಕೇ. ಅಂಕಿ ಅಂಶ ಮುಂದಿಟ್ಟುಕೊಂಡು ಕೂತವರ ಕಥೆಯೇ ಹೀಗೆ.

ದುಡ್ಡಿನ ಮಾತು ಮುಗಿಯಿತು ಅಂದರೆ ಉಳಿಯುವುದು ಜಾಗ. ಪಂದ್ಯಕ್ಕೆ ಇಳಿಯುವ ಪಟ್ಟಿಯಲ್ಲಿ ಇರುವುದು 26 ಜಾಗ. ಡೇವಿಸ್ ಕಾಲದಲ್ಲಿ ಬಹುಪಾಲು 25. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಒಂದೇ: ಈ ಜಾಗ ಖಾಲಿಯಾದರೆ ಯಾರು ಬರುತ್ತಾರೆ?

ಬಾಸ್ಟನ್ ರೆಡ್ ಸಾಕ್ಸ್ ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಪಾಬ್ಲೊ ಸಾಂಡೋವಲ್ ಹೆಸರು ಕೇಳಿರಬಹುದು. ದೊಡ್ಡ ಮೈಕಟ್ಟು, ಅಭಿಮಾನಿಗಳ ಬಾಯಲ್ಲಿ 'ಪಾಂಡಾ'. 2012ರ ವರ್ಲ್ಡ್ ಸೀರೀಸ್‌ನ, ಅಂದರೆ ಲೀಗ್‌ನ ಫೈನಲ್ ಸರಣಿಯ, ಮೊದಲ ಪಂದ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಪರ ಮೂರು ಹೋಮ್ ರನ್ ಹೊಡೆದವರು. 2014ರ ಕೊನೆಗೆ ಬಾಸ್ಟನ್ ಅವರಿಗೆ ಐದು ವರ್ಷಕ್ಕೆ 9 ಕೋಟಿ 50 ಲಕ್ಷ ಡಾಲರ್ ಕೊಡಲು ಒಪ್ಪಿತು. ಮೊದಲ ವರ್ಷವೇ ಆಟ ಕುಸಿಯಿತು. ಎರಡನೇ ವರ್ಷ ಮೂರೇ ಪಂದ್ಯ. ಬ್ಯಾಟ್ ಬೀಸುವಾಗ ಸೊಂಟದ ಬೆಲ್ಟ್ ಪಟ್ಟನೆ ಕಿತ್ತುಹೋಗಿ ಇಡೀ ದೇಶ ನಕ್ಕಿತು. ಆಮೇಲೆ ಭುಜಕ್ಕೆ ಆಪರೇಷನ್. ಮೂರನೇ ವರ್ಷ, 2017ರ ಜುಲೈ ಹೊತ್ತಿಗೆ, ಸರಾಸರಿ .212. ಒಪ್ಪಂದದಲ್ಲಿ ಇನ್ನೂ 4 ಕೋಟಿ 80 ಲಕ್ಷ ಡಾಲರ್ ಆಸುಪಾಸು ಬಾಕಿ ಇತ್ತು.

ಜುಲೈ 19ಕ್ಕೆ ಅವರನ್ನು ಬಿಡುಗಡೆ ಮಾಡಿದರು. ಜೈಂಟ್ಸ್ ತಂಡ ಮೂರೇ ದಿನದಲ್ಲಿ ಅವರನ್ನು ವಾಪಸ್ ಕರೆದುಕೊಂಡಿತು, ಬಾಸ್ಟನ್ ಖರ್ಚಿನಲ್ಲಿ! ಅದೇ ವಾರ, ಜುಲೈ 25ಕ್ಕೆ, ಸಾಂಡೋವಲ್ ಆಡುತ್ತಿದ್ದ ಥರ್ಡ್ ಬೇಸ್ ಜಾಗದಲ್ಲಿ ಒಬ್ಬ 20 ವರ್ಷದ ಹುಡುಗ ನಿಂತಿದ್ದ. ರಫಾಯೆಲ್ ಡೆವರ್ಸ್. ಮರುದಿನ ಅವನ ಮೊದಲ ಹಿಟ್ ಬಂತು, ಅದೇ ಹೋಮ್ ರನ್. ಆಗಸ್ಟ್ 13ಕ್ಕೆ ಯಾಂಕೀ ಸ್ಟೇಡಿಯಂನಲ್ಲಿ, ಒಂಬತ್ತನೇ ಇನಿಂಗ್ಸ್‌ನಲ್ಲಿ ತಂಡ ಒಂದು ರನ್ ಹಿಂದಿದ್ದಾಗ, ಆರೋಲ್ಡಿಸ್ ಚಾಪ್‌ಮನ್ ಎಸೆದ ಗಂಟೆಗೆ 102.8 ಮೈಲಿ ವೇಗದ ಚೆಂಡನ್ನು ಎತ್ತಿ ಹೊರಗೆ ಹಾಕಿದ. ಬಾಸ್ಟನ್ ಆ ಪಂದ್ಯ ಗೆದ್ದಿತು. ಸೀಸನ್ ಕೊನೆಗೆ ಯಾಂಕೀಸ್‌ಗಿಂತ ಎರಡೇ ಎರಡು ಪಂದ್ಯ ಮುಂದಿದ್ದು ತನ್ನ ಗುಂಪು, ಅಂದರೆ ಡಿವಿಷನ್, ಗೆದ್ದಿತು. ಮುಂದಿನ ವರ್ಷ ವರ್ಲ್ಡ್ ಸೀರೀಸ್ ಕೂಡ. ಆ ಕಪ್ ಗೆದ್ದಾಗಲೂ ಅವರು ಸಾಂಡೋವಲ್‌ಗೆ ಸಂಬಳ ಕೊಡುತ್ತಲೇ ಇದ್ದರು.

ಇದರಲ್ಲಿ ಒಂದು ವಿಷಯ ಗಮನಿಸಿ. ಸಾಂಡೋವಲ್ ಅವರನ್ನು ತಂದದ್ದು ಜನರಲ್ ಮ್ಯಾನೇಜರ್ ಬೆನ್ ಚೆರಿಂಗ್‌ಟನ್. ಬಿಟ್ಟದ್ದು ಅವರ ನಂತರ ಬಂದ ಡೇವ್ ಡೊಂಬ್ರೋವ್ಸ್ಕಿ. ತಾನು ಸಹಿ ಹಾಕಿಸಿದ ಒಪ್ಪಂದ ಹಾಳಾಯಿತು ಅಂತ ಪತ್ರಕರ್ತರ ಮುಂದೆ ಕೂತು ಹೇಳುವುದು ಯಾರಿಗೂ ಸುಲಭ ಅಲ್ಲ. ಹಿಂದಿನವರು ಮಾಡಿದ್ದು ಅಂದರೆ ಕೈ ಹಗುರ. ಆಟಗಾರನ ಸರಾಸರಿಗಿಂತ ಜನರಲ್ ಮ್ಯಾನೇಜರ್ ಬದಲಾದ ತಾರೀಖು ನೋಡಿದರೆ ಬಿಡುಗಡೆ ಯಾವಾಗ ಅಂತ ಊಹಿಸಬಹುದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇದೇ ಬಾಸ್ಟನ್‌ನ ಇನ್ನೊಂದು ಕಥೆ ಬೇರೆ ಥರ. ರುಸ್ನಿ ಕಾಸ್ಟಿಲ್ಲೊ ಅನ್ನುವ ಕ್ಯೂಬಾದ ಆಟಗಾರನಿಗೆ 2014ರಲ್ಲಿ 7 ಕೋಟಿ 25 ಲಕ್ಷ ಡಾಲರ್ ಒಪ್ಪಂದ. ಸಂಬಳದ ಒಟ್ಟು ಮೊತ್ತ ಒಂದು ಮಿತಿ ದಾಟಿದರೆ ತಂಡ ಲೀಗ್‌ಗೆ ತೆರಿಗೆ ಕಟ್ಟಬೇಕು. 40ರ ಪಟ್ಟಿಯಿಂದ ಹೊರಗಿಟ್ಟು ಮೈನರ್ ಲೀಗ್‌ಗೆ ಕಳಿಸಿದರೆ ಅವರ ಸಂಬಳ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ, ವಾಪಸ್ ಕರೆದರೆ ಬರುತ್ತಿತ್ತು. ಹಾಗಾಗಿ ಕೋಟಿ ಡಾಲರ್ ಸಂಬಳದ ಮನುಷ್ಯ 2019ರವರೆಗೂ ಪಾಟಕೆಟ್ ಅನ್ನುವ ಸಣ್ಣ ಊರಿನ ತಂಡದಲ್ಲಿ ಆಡಿಕೊಂಡಿದ್ದರು. ಅಲ್ಲಿ ಅವರ ಆಟ ಕೆಟ್ಟದೇನೂ ಇರಲಿಲ್ಲ. ಬಿಡಲೂ ಇಲ್ಲ, ಆಡಿಸಲೂ ಇಲ್ಲ. ನನ್ನ ಕಣ್ಣಿಗೆ ಇದು ಬಿಡುಗಡೆಗಿಂತ ಕಠಿಣ.

ತಂಡಗಳಿಗೆ ಇನ್ನೊಂದು ಭಯ ಇರುತ್ತದೆ. ನಾವು ಬಿಟ್ಟ ಮೇಲೆ ಬೇರೆಯವರ ಹತ್ತಿರ ಹೋಗಿ ಚೆನ್ನಾಗಿ ಆಡಿಬಿಟ್ಟರೆ? ಆಲ್ಬರ್ಟ್ ಪೂಹೋಲ್ಸ್ ವಿಷಯದಲ್ಲಿ ಅದೇ ಆಯಿತು. ಏಂಜಲ್ಸ್ ಜೊತೆ ಹತ್ತು ವರ್ಷಕ್ಕೆ 24 ಕೋಟಿ ಡಾಲರ್. ಕೊನೆಯ ವರ್ಷ, 2021ರ ಮೇ ತಿಂಗಳಲ್ಲಿ, ಸರಾಸರಿ .198 ಇದ್ದಾಗ ತೆಗೆದರು. 2022ರಲ್ಲಿ ತಮ್ಮ ಹಳೇ ತಂಡ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಮರಳಿ, 42ನೇ ವಯಸ್ಸಿನಲ್ಲಿ 24 ಹೋಮ್ ರನ್ ಹೊಡೆದು ಒಟ್ಟು 703ಕ್ಕೆ ನಿಲ್ಲಿಸಿದರು. ಏಂಜಲ್ಸ್ ದಡ್ಡರಾದರಾ? ನಾನು ಹಾಗೆ ಹೇಳುವುದಿಲ್ಲ. ಅವರು ಬಿಟ್ಟಾಗ ಪೂಹೋಲ್ಸ್ ಆಡುತ್ತಿದ್ದ ಫಸ್ಟ್ ಬೇಸ್‌ಗೆ ಜಾರೆಡ್ ವಾಲ್ಶ್ ಇದ್ದರು, ಆ ವರ್ಷ ಆಲ್ ಸ್ಟಾರ್, ಅಂದರೆ ಲೀಗ್‌ನ ಆಯ್ದ ಆಟಗಾರರಲ್ಲಿ ಒಬ್ಬರಾದರು. ಬರೀ ಬ್ಯಾಟ್ ಮಾಡುವ ಇನ್ನೊಂದು ಜಾಗದಲ್ಲಿ ಶೊಹೆ ಒಟಾನಿ ಇದ್ದರು, ಆ ವರ್ಷ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ, ಆದರು. ಪೂಹೋಲ್ಸ್‌ಗೆ ಜಾಗ ಕೊಡಬೇಕೆಂದರೆ ಇವರಲ್ಲೊಬ್ಬರನ್ನು ಕೂರಿಸಬೇಕಿತ್ತು. ಯಾರನ್ನು ಕೂರಿಸುತ್ತೀರಿ, ಹೇಳಿ?

ಹಾಗಂತ ಆಟ ಕೆಟ್ಟವರನ್ನೆಲ್ಲ ಬಿಟ್ಟುಬಿಡಿ ಅಂತಲೂ ನಾನು ಹೇಳುತ್ತಿಲ್ಲ. ಡೆಟ್ರಾಯಿಟ್ ಟೈಗರ್ಸ್‌ನ ಹಾವಿಯರ್ ಬಾಯೆಜ್ ನನ್ನ ಬಾಯಿ ಮುಚ್ಚಿಸಲು ಇದ್ದಾರೆ. ಆರು ವರ್ಷಕ್ಕೆ 14 ಕೋಟಿ ಡಾಲರ್. ವರ್ಷದಿಂದ ವರ್ಷಕ್ಕೆ ಸರಾಸರಿ .238, .222, .184. 2024ರ ಹೊತ್ತಿಗೆ ಡೆಟ್ರಾಯಿಟ್ ಅಭಿಮಾನಿಗಳಲ್ಲಿ ಎಷ್ಟೋ ಜನ "ಕಳಿಸಿ ಮನೆಗೆ" ಅನ್ನುತ್ತಿದ್ದರು. ತಂಡ ಕಳಿಸಲಿಲ್ಲ. ಆ ವರ್ಷ ಅವರ ಸೊಂಟದ ಕೀಲಿಗೆ ಆಪರೇಷನ್ ಆಯಿತು. 2025ರಲ್ಲಿ ಶಾರ್ಟ್‌ಸ್ಟಾಪ್ ಜಾಗ ಬಿಟ್ಟು, ಗಾಯಾಳುಗಳಿಂದ ಖಾಲಿಯಾಗಿದ್ದ ಸೆಂಟರ್ ಫೀಲ್ಡ್‌ಗೆ ಹೋಗಿ ನಿಂತರು, ಚೆನ್ನಾಗಿಯೇ ಆಡಿದರು. ಅಭಿಮಾನಿಗಳ ಮತದಿಂದ ಆಲ್ ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಬಾಯೆಜ್‌ಗೂ ಡೇವಿಸ್‌ಗೂ ವ್ಯತ್ಯಾಸ ಏನು? ಬಾಯೆಜ್ ಬ್ಯಾಟ್ ಹೋದರೂ ಫೀಲ್ಡಿಂಗ್ ಉಳಿದಿತ್ತು, ಎಲ್ಲಿ ನಿಲ್ಲಿಸಿದರೂ ನಿಲ್ಲಬಲ್ಲವರು. ಆಟ ಕುಸಿದದ್ದಕ್ಕೆ ಡಾಕ್ಟರು ಬೆರಳಿಟ್ಟು ತೋರಿಸಬಹುದಾದ ಒಂದು ಕಾರಣವೂ ಇತ್ತು. ಇವೆರಡು ಇದ್ದರೆ ಕಾಯುವುದರಲ್ಲಿ ಅರ್ಥ ಇದೆ.

ಈಗ ಬಾಲ್ಟಿಮೋರ್‌ಗೆ ವಾಪಸ್ ಬರೋಣ. 2018ರ ನವೆಂಬರ್‌ನಲ್ಲಿ ಮೈಕ್ ಎಲಿಯಾಸ್ ಹೊಸ ಜನರಲ್ ಮ್ಯಾನೇಜರ್ ಆಗಿ ಬಂದರು. ತಂಡವನ್ನು ತಳದಿಂದ ಕಟ್ಟುವುದು ಅವರ ಕೆಲಸ. ಡೇವಿಸ್ ಅವರನ್ನು ಆಗಲೇ ಬಿಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಒಂದು ಒಳ್ಳೆಯ ಆಕ್ಷೇಪ ಇದೆ: ಹೇಗಿದ್ದರೂ ಸೋಲುವ ತಂಡ, ಬಿಟ್ಟರೆ ಯಾವ ಕಪ್ ಬರುತ್ತಿತ್ತು? ನಿಜ, 2019ರಲ್ಲೂ ಅವರು 108 ಪಂದ್ಯ ಸೋತರು. ಬಾಸ್ಟನ್‌ಗೆ ಇದ್ದ ತುರ್ತು ಇವರಿಗೆ ಇರಲಿಲ್ಲ.

ಆದರೆ ಸೋಲುವ ತಂಡದ ಹತ್ತಿರ ಇರುವ ಆಸ್ತಿಯಾದರೂ ಏನು? ಹೊಸಬರಿಗೆ ಆಡಲು ಕೊಡುವ ಅವಕಾಶ, ಅಷ್ಟೇ ಅಲ್ವಾ. ಗೆಲ್ಲುವ ತಂಡ ಅದನ್ನು ಕೊಡಲಾರದು. 2019ರಲ್ಲಿ ಡೇವಿಸ್ 105 ಪಂದ್ಯ ಆಡಿದರು, ಸರಾಸರಿ .179. ತಂಡದ ಟ್ರೇ ಮ್ಯಾನ್ಸಿನಿ ಮೂಲತಃ ಡೇವಿಸ್ ಆಡುತ್ತಿದ್ದ ಫಸ್ಟ್ ಬೇಸ್‌ನವರು. ಆ ಜಾಗ ಖಾಲಿ ಇರಲಿಲ್ಲ ಅಂತ ಅವರನ್ನು 2017ರಿಂದಲೂ ಔಟ್‌ಫೀಲ್ಡ್‌ಗೆ ಅಟ್ಟಿದ್ದರು. ಅಲ್ಲಿ ಅವರ ಫೀಲ್ಡಿಂಗ್ ಅಷ್ಟಕ್ಕಷ್ಟೇ. ಕೆಳಗೆ ಮೈನರ್ ಲೀಗ್‌ನ ನಾರ್ಫೋಕ್ ತಂಡದಲ್ಲಿ ರಯಾನ್ ಮೌಂಟ್‌ಕ್ಯಾಸಲ್ ಅನ್ನುವ ಹುಡುಗ ಅದೇ ವರ್ಷ 25 ಹೋಮ್ ರನ್ ಹೊಡೆದು ಇಂಟರ್‌ನ್ಯಾಷನಲ್ ಲೀಗ್‌ನ ಎಂವಿಪಿ ಆಗಿದ್ದ. ಅವನೂ ಫಸ್ಟ್ ಬೇಸ್ ಆಡುವವನು. ಅವನನ್ನು ತಡೆದದ್ದು ಡೇವಿಸ್ ಒಬ್ಬರೇ ಅಂತ ಹೇಳಲಾರೆ. ಹುಡುಗನ ಆಟದಲ್ಲೂ ತಿದ್ದಬೇಕಾದ್ದು ಇತ್ತು. ಆದರೂ ಜಾಗ ಅಡ್ಡ ಇತ್ತು ಅನ್ನುವುದು ಸುಳ್ಳಲ್ಲ.

ಮತ್ತೆ ಡೇವಿಸ್ ಅನ್ನುವ ಮನುಷ್ಯ? ತಮ್ಮ ಊರಿನ ಮೈದಾನದಲ್ಲೇ ಜನ ಬೂ ಅಂತ ಹೀಯಾಳಿಸಿ ಕೂಗುವುದನ್ನು ಕೇಳುತ್ತಾ ಆಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮೈದಾನದಲ್ಲಿ ತಂಡ ನಡೆಸುವ ಮ್ಯಾನೇಜರ್ ಬ್ರ್ಯಾಂಡನ್ ಹೈಡ್ ಜೊತೆ ಡಗೌಟ್‌ನಲ್ಲೇ ಜಗಳಕ್ಕೆ ಬಿದ್ದರು, ಟಿವಿಯಲ್ಲಿ ಎಲ್ಲರೂ ನೋಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಗೆ 30 ಲಕ್ಷ ಡಾಲರ್ ಕೊಟ್ಟರು. ಒಳ್ಳೆಯ ಮನುಷ್ಯ, ಪ್ರಯತ್ನ ಬಿಡದ ಮನುಷ್ಯ. ಆದರೆ ದಿನಾ ಅವರನ್ನು ಮೈದಾನಕ್ಕೆ ಇಳಿಸಿದ್ದು ಅವರಿಗೆ ತೋರಿಸಿದ ಗೌರವ ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ. ತಂಡದವರು ಬಿಡಲೇ ಇಲ್ಲ. ಸಹಿ ಹಾಕಿದ್ದ ಮಾಲೀಕರ ಕುಟುಂಬವೇ ಆಗಲೂ ಮಾಲೀಕರು ಅನ್ನುವುದನ್ನು ಮರೆಯಬೇಡಿ. 2020ರಲ್ಲಿ 16 ಪಂದ್ಯ, ಸರಾಸರಿ .115. 2021ರಲ್ಲಿ ಸೊಂಟದ ಆಪರೇಷನ್. ಆ ಆಗಸ್ಟ್‌ನಲ್ಲಿ ತಾವೇ ನಿವೃತ್ತಿ ಹೇಳಿದರು. ಒಪ್ಪಂದದಲ್ಲಿ 4 ಕೋಟಿ 20 ಲಕ್ಷ ಡಾಲರ್ ಕಂತಿನಲ್ಲಿ ಕೊಡುವ ಮಾತಿತ್ತು. ಕೊನೆಯ ಕಂತು 2037ಕ್ಕೆ.

ಕಂತು ಅಂದಮೇಲೆ ಬಾಬಿ ಬೊನಿಲ್ಲಾ ಹೆಸರು ಹೇಳದೆ ಮುಂದೆ ಹೋದರೆ ನೀವು ಬಿಡುವುದಿಲ್ಲ. 2000ದಲ್ಲಿ ನ್ಯೂಯಾರ್ಕ್ ಮೆಟ್ಸ್ ಅವರನ್ನು ಬಿಟ್ಟಾಗ 59 ಲಕ್ಷ ಡಾಲರ್ ಬಾಕಿ ಇತ್ತು. ಈಗ ಬೇಡ, ಎಂಟು ಪರ್ಸೆಂಟ್ ಬಡ್ಡಿ ಹಾಕಿ ಆಮೇಲೆ ಕೊಡುತ್ತೇವೆ ಅಂದರು. 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ ಸುಮಾರು 11 ಲಕ್ಷ 93 ಸಾವಿರ ಡಾಲರ್. ಪ್ರತಿ ವರ್ಷ ಆ ದಿನ ಇಡೀ ಅಮೆರಿಕ ಮೆಟ್ಸ್ ಅನ್ನು ಗೇಲಿ ಮಾಡುತ್ತದೆ. ನನಗೆ ಮಾತ್ರ ಅದು ಅಂಥ ಮೂರ್ಖತನ ಅನ್ನಿಸುವುದಿಲ್ಲ. ದುಡ್ಡು ಮುಂದಕ್ಕೆ ಹಾಕಿದ್ದರಿಂದ ಆ ವರ್ಷದ ಬಜೆಟ್‌ನಲ್ಲಿ ಕೈ ಆಡಿತು. ಮೈಕ್ ಹ್ಯಾಂಪ್ಟನ್ ಅನ್ನುವ ಒಳ್ಳೆಯ ಪಿಚರ್ ತಂಡದಲ್ಲಿದ್ದರು, ಮೆಟ್ಸ್ 2000ದ ವರ್ಲ್ಡ್ ಸೀರೀಸ್ ತಲುಪಿತು. ಹ್ಯಾಂಪ್ಟನ್ ಬಿಟ್ಟು ಹೋದಾಗ ಪರಿಹಾರವಾಗಿ ಸಿಕ್ಕ ಡ್ರಾಫ್ಟ್ ಆಯ್ಕೆಯಲ್ಲಿ ಡೇವಿಡ್ ರೈಟ್ ಬಂದರು. ಅವರು ಮುಂದೆ ಅದೇ ತಂಡದ ನಾಯಕರಾದರು.

ಇಲ್ಲಿಗೆ ನನ್ನ ಮಾತು ಮುಗಿಸಿ ಪ್ರಶ್ನೆಗಳಿಗೆ ಬಂದೆ.

ಒಬ್ಬರು ಕೇಳಿದರು: "ಸರ್, ಬಿಡೋ ಬದಲು ಬೇರೆ ತಂಡಕ್ಕೆ ಮಾರಬಾರದಾ?" ಆಟ ಇರುವಾಗ ಮಾರಬಹುದು. ಅದೇ ಡೆವರ್ಸ್‌ನನ್ನೇ ನೋಡಿ. 2023ರಲ್ಲಿ ಬಾಸ್ಟನ್ ಅವನಿಗೆ ಹತ್ತು ವರ್ಷಕ್ಕೆ 31 ಕೋಟಿ ಡಾಲರ್‌ಗೂ ಹೆಚ್ಚಿನ ಒಪ್ಪಂದ ಕೊಟ್ಟಿತು. ಯಾವ ಜಾಗದಲ್ಲಿ ಆಡಬೇಕು ಅನ್ನುವ ವಿಷಯಕ್ಕೆ ತಂಡದ ಜೊತೆ ಮನಸ್ತಾಪ ಬಂತು. 2025ರ ಜೂನ್‌ನಲ್ಲಿ ಜೈಂಟ್ಸ್‌ಗೆ ಕಳಿಸಿದರು. ಜೈಂಟ್ಸ್ ಉಳಿದ ಒಪ್ಪಂದವನ್ನೂ ಹೊತ್ತುಕೊಂಡಿತು, ಯಾಕೆಂದರೆ ಅವನು ಇನ್ನೂ ಹೊಡೆಯುತ್ತಿದ್ದ. .168 ಹೊಡೆಯುವವರನ್ನು ಕೊಳ್ಳಿ ಅಂದರೆ ಎದುರಿನವರು ಫೋನೇ ಎತ್ತುವುದಿಲ್ಲ. ಎತ್ತಿದರೂ, ಅರ್ಧಕ್ಕಿಂತ ಜಾಸ್ತಿ ಸಂಬಳ ನೀವೇ ಕೊಡಿ, ಜೊತೆಗೆ ಒಬ್ಬ ಒಳ್ಳೆಯ ಹುಡುಗನನ್ನೂ ಕೊಡಿ ಅಂತಾರೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಸ್ವಲ್ಪ ಖಾರವಾಗಿಯೇ ಕೇಳಿದರು: "ಅಲ್ರೀ, ಆಡಕ್ಕೆ ಆಗ್ತಾ ಇಲ್ಲ ಅಂದಮೇಲೆ ಆಟಗಾರನೇ ದುಡ್ಡು ಬಿಟ್ಟು ಹೋಗಬೇಕಪ್ಪ. ನಾಚಿಕೆ ಬೇಡ್ವಾ?"

ಹಾಗೆ ಹೋದವರೂ ಇದ್ದಾರೆ. ಕ್ಯಾನ್ಸಸ್ ಸಿಟಿ ರಾಯಲ್ಸ್‌ನ ಪಿಚರ್ ಗಿಲ್ ಮೆಷ್ 2011ರ ಜನವರಿಯಲ್ಲಿ ಭುಜದ ನೋವಿನಿಂದ ಆಟ ನಿಲ್ಲಿಸಿದರು. ಒಪ್ಪಂದದಲ್ಲಿ ಇನ್ನೂ ಒಂದು ವರ್ಷ, ಸುಮಾರು 1 ಕೋಟಿ 20 ಲಕ್ಷ ಡಾಲರ್ ಬಾಕಿ ಇತ್ತು. ಗಾಯಾಳುಗಳ ಪಟ್ಟಿಯಲ್ಲಿ ಕೂತು ಪೂರ್ತಿ ತೆಗೆದುಕೊಳ್ಳಬಹುದಿತ್ತು. ದುಡಿಯದ ದುಡ್ಡು ಬೇಡ ಅಂತ ಬಿಟ್ಟು ಹೋದರು. ನನಗೆ ಅವರ ಮೇಲೆ ತುಂಬಾ ಗೌರವ ಇದೆ. ಆದರೆ ಅದನ್ನೇ ಎಲ್ಲರಿಗೂ ನಿಯಮ ಮಾಡಲು ನಾನು ತಯಾರಿಲ್ಲ, ಹಿರಿಯರು ಕ್ಷಮಿಸಬೇಕು. ಲೆಕ್ಕ ಎರಡೂ ಕಡೆ ನೋಡಬೇಕಲ್ಲ. ಮೇಜರ್ ಲೀಗ್‌ಗೆ ಬಂದ ಮೊದಲ ಮೂರು ವರ್ಷ ಹೆಚ್ಚಿನ ಹುಡುಗರಿಗೆ ಸಿಗುವುದು ಕನಿಷ್ಠ ಸಂಬಳ, ಅಥವಾ ಅದಕ್ಕೆ ನಾಲ್ಕು ಕಾಸು ಮೇಲೆ. ಎಷ್ಟೇ ಚೆನ್ನಾಗಿ ಆಡಿದರೂ ಅಷ್ಟೇ. 2017ರಲ್ಲಿ, ಬಾಸ್ಟನ್‌ನವರು ಸಾಂಡೋವಲ್ ಅವರನ್ನು ಬಿಟ್ಟ ಅದೇ ವರ್ಷ, ಯಾಂಕೀಸ್‌ನ ಆರನ್ ಜಡ್ಜ್ ಮೊದಲ ಪೂರ್ತಿ ಸೀಸನ್‌ನಲ್ಲೇ 52 ಹೋಮ್ ರನ್ ಹೊಡೆದರು. ಅವರ ಸಂಬಳ 5 ಲಕ್ಷ 44 ಸಾವಿರದ 500 ಡಾಲರ್. ಒಪ್ಪಂದದಲ್ಲಿ ಇದ್ದದ್ದು ಅಷ್ಟು, ಯಾಂಕೀಸ್ ಕೊಟ್ಟದ್ದೂ ಅಷ್ಟು. ತಂಡದವರಿಗೆ ನಾಚಿಕೆ ಬೇಡ್ವಾ ಅಂತ ಆಗ ಯಾರೂ ಕೇಳಲಿಲ್ಲ.